ರುದ್ರನ ಕಣ್ಣು

ಶ್ರೀರಂಗಪಟ್ಟಣದ ಸ್ನಾನಘಟ್ಟದ ಕೆಳಗಿನ ಮೆಟ್ಟಿಲಲ್ಲಿ ಕೂತರೆ, ಮಧ್ಯಾಹ್ನದ ಹೊತ್ತಿಗೆ ಹೊಳೆ ಹರಿಯುವುದನ್ನೇ ಮರೆತಂತೆ ಕಾಣುತ್ತದೆ. ಆಚೆ ದಡದ ಮಬ್ಬು ಬಿಸಿಲಲ್ಲಿ ಶ್ರೀನಾಥನಿಗೆ ಏಳು ಬಾಗಿಲ ಕೋಟೆ ಕಾಣುತ್ತಿತ್ತು. ಅದು ಅವನೇ ಕಟ್ಟಿದ್ದು. ಹಾಸ್ಟೆಲ್ ಮಂಚದ ಮೇಲೆ ಬೋರಲು ಬಿದ್ದುಕೊಂಡು ವರ್ಷದಿಂದ ಬರೆಯುತ್ತಿದ್ದ, ಜಪಾನಿನ ಮಾಂಗಾ ಥರದ ಚಿತ್ರಕತೆಯ ಕೋಟೆ. ಮೊಬೈಲ್ ಆಟವೊಂದರೊಳಗೆ ಸಿಕ್ಕಿಬಿದ್ದ ಮೂವರು ಅಲ್ಲಿದ್ದರು: ಬಿಲ್ಲುಗಾತಿ ನೀಲವೇಣಿ, ಅವಳನ್ನು ಪ್ರೀತಿಸುವ ಕತ್ತಿವರಸೆಯ ರುದ್ರ, ಅವಳನ್ನೇ ಪ್ರೀತಿಸುವ ನೆರಳುಗಳ್ಳ.

ಚಿತ್ರ ಬರೆಯುವವಳು ತನುಶ್ರೀ, ಅವನ ಸಹಪಾಠಿ. ನಾಗಮಂಗಲದಲ್ಲಿ ಅವಳದು ಕಂಚಿನ ವಿಗ್ರಹ ಎರಕ ಹೊಯ್ಯುವ ಮನೆ. ರುದ್ರನಿಗೆ ಶ್ರೀನಾಥ ಹೇಳಿ ಹೇಳಿ ತನ್ನದೇ ಗದ್ದ ಬರೆಸಿದ್ದ. ನೆರಳುಗಳ್ಳನಿಗೆ ಮಾತ್ರ ಅವಳು ಯಾರನ್ನೂ ಕೇಳದೆ ಕ್ಯಾತನಹಳ್ಳಿಯ ತಿಮ್ಮರಾಜುವಿನ ಕಣ್ಣು ಬರೆದಿದ್ದಳು, ನಗು ತಡೆದುಕೊಂಡಂತಿರುವ ಕಣ್ಣು. ತಿಮ್ಮರಾಜು ಇವರ ಕ್ಲಾಸಿನವನೇ. ಕತೆಯ ಒಂದು ಪುಟವನ್ನೂ ನೆಟ್ಟಗೆ ಓದಿದವನಲ್ಲ.

ಆ ಕಣ್ಣಿನ ದೆಸೆಯಿಂದಲೇ ಕೊನೆಯ ಅಧ್ಯಾಯದಲ್ಲಿ ಶ್ರೀನಾಥ ಕಳ್ಳನನ್ನು ಕೊಂದಿದ್ದ. ಏಳನೇ ಬಾಗಿಲ ಹತ್ತಿರ, ಒಂದೇ ಏಟಿಗೆ. ಅಡ್ಡ ಇದ್ದವನು ಹೋದ ಮೇಲೆ ನೀಲವೇಣಿ ರುದ್ರನ ಕೈ ಹಿಡಿಯುತ್ತಾಳೆ. ಅದನ್ನು ಬರೆಯುತ್ತ ಬರೆಯುತ್ತ ತನುಶ್ರೀಗೆ ಶ್ರೀನಾಥನ ಮನಸ್ಸು ತಾನಾಗಿಯೇ ಅರ್ಥವಾಗುತ್ತದೆ, ಬಾಯಿಬಿಟ್ಟು ಕೇಳುವ ಕಷ್ಟ ತಪ್ಪುತ್ತದೆ ಅಂತ ಅವನ ಲೆಕ್ಕ.

"ಇದನ್ನ ನಾ ಬರಿಯಲ್ಲ," ಎಂದಳು ಪಕ್ಕದಲ್ಲೇ ಹಾಳೆಗಳನ್ನು ಹರಡಿಕೊಂಡು ಕೂತಿದ್ದ ತನುಶ್ರೀ.

"ಯಾಕೆ?"

"ಕಳ್ಳನಿಗೆ ಕಣ್ಣು ತೆರೆಸ್ಬುಟ್ಟಿದೀನಿ ಕಣೋ. ನಮ್ಮನೇಲಿ ವಿಗ್ರಹಕ್ಕೆ ಕಣ್ಣು ತೆರೆಸೋದು ಕೊನೇಗೆ. ಆಮೇಲೆ ತಾತ ಉಳಿ ಮುಟ್ಟಲ್ಲ. ನಾನು ಆತುರಕ್ಕೆ ಬಿದ್ದು ಇವನಿಗೆ ಮೊದಲ್ನೇ ಪುಟದಲ್ಲೇ ತೆರೆಸ್ಬುಟ್ಟೆ. ಇನ್ನು ಇವನ ಮೇಲೆ ಕತ್ತಿ ಹಾಕಕ್ಕಾಗಲ್ಲ."

"ಇದು ವಿಗ್ರಹ ಅಲ್ಲ, ಪೇಪರ್ರು."

"ಅಂಗಾದ್ರೆ ನೀನೇ ಬರ್ಕೊ. ನೀನು ಬರೆದ್ರೆ ಕುದುರೇನೂ ನಾಯಿ ಥರ ಬತ್ತದೆ."

ಅವಳು ರುದ್ರನ ಚಿತ್ರ ತೆಗೆದಳು. ಗದ್ದ, ಕತ್ತಿ, ಹಾರುವ ಕೂದಲು ಎಲ್ಲ ಇತ್ತು. ಕಣ್ಣಿನ ಜಾಗ ಬರೀ ಬಿಳಿ. ವರ್ಷದಿಂದ ಅದು ಹಾಗೇ ಇತ್ತು.

"ಇವನಿಗೆ ಏನು ಬೇಕು?"

"ನೀಲವೇಣಿ."

"ಸುಳ್ಳು. ನೀನು ಬರೆದಿರೋದನ್ನೇ ನೋಡು." ಅವಳು ಅವನ ಬರಹದ ಪುಟ ಮಗುಚುತ್ತ ಹೋದಳು. "ಇಲ್ಲಿ ಅವಳಿಗೆ ಬಾಣ ತಾಗೈತೆ, ಇವನು ಕಳ್ಳನ್ನ ನೋಡ್ತಾವ್ನೆ. ಇಲ್ಲಿ ಅವಳು ಹಾಡ್ತಾವ್ಳೆ, ಆಗ್ಲೂ ಕಳ್ಳನ್ನೇ. ಕಳ್ಳ ಸೋತ್ರೆ ಇವನಿಗೆ ಸಾಕು. ಅವಳು ಎದ್ದು ಹೋದ್ರೂ ಇವನಿಗೆ ಗೊತ್ತಾಗಲ್ಲ."

ಶ್ರೀನಾಥ ಹೊಳೆಯ ಕಡೆ ಮುಖ ಮಾಡಿದ. ನೀರಿನಾಚೆ ಕೋಟೆ ಅಲುಗಿತು. ಬಾಗಿಲ ಮುಂದೆ ರುದ್ರ ಕಣ್ಣಿಲ್ಲದ ಮುಖ ಹೊತ್ತು ನಿಂತಿದ್ದ, ಅವನ ಹಿಂದೆ ಒಂದು ಹೆಣ್ಣು. ಅವಳ ಮುಖ ಹೇಗಿತ್ತೆಂದು ಶ್ರೀನಾಥನಿಗೆ ನೆನಪಿಗೇ ಬರಲಿಲ್ಲ.

ಅವನು ತಿರುಗಿ ತನುಶ್ರೀಯನ್ನು ನೋಡಿದ. ಕಿವಿಯ ಹಿಂದೆ ಪೆನ್ಸಿಲ್ಲು, ಹುಬ್ಬಿಗೆ ಮೆತ್ತಿದ ಇಂಕು, ತುಟಿಯ ಪಕ್ಕ ಇಷ್ಟು ದಿನ ಕಾಣದ ಸಣ್ಣ ಮಚ್ಚೆ. ಅವಳು ಮೆಟ್ಟಿಲ ಮೇಲುಗಡೆ ನೋಡುತ್ತಿದ್ದಳು.

ಚುರುಮುರಿ ಪೊಟ್ಟಣ ಹಿಡಿದು ತಿಮ್ಮರಾಜು ಇಳಿದು ಬರುತ್ತಿದ್ದ. "ಏನ್ಲಾ ಶ್ರೀನಾಥ, ನನ್ನ ಕೊಂದ್ಬುಟ್ಯಂತೆ? ತನು ಹೇಳುದ್ಲು. ತಡಿ, ಇದನ್ನ ತಿನ್ಕೊಂಡು ಸಾಯ್ತೀನಿ."

ತನುಶ್ರೀ ತಿಮ್ಮರಾಜುವನ್ನೇ ನೋಡುತ್ತ ನಕ್ಕಳು. ಕೇಳಬೇಕೆಂದಿದ್ದ ಪ್ರಶ್ನೆಗೆ ಶ್ರೀನಾಥನಿಗೆ ಉತ್ತರ ಸಿಕ್ಕಿತು.

ಅವನು ಕೊನೆಯ ಅಧ್ಯಾಯ ಎಳೆದುಕೊಂಡು ಆ ಕತ್ತಿಯೇಟಿನ ಮೇಲೆ ಗೀಟು ಎಳೆದ. "ಬದುಕ್ಕೊ ಹೋಗ್ಲಾ," ಎಂದ. ತಿಮ್ಮರಾಜು ಪೊಟ್ಟಣ ಚಾಚಿದ. ಖಾರ ಜಾಸ್ತಿಯಿತ್ತು.

ತನುಶ್ರೀ ರುದ್ರನ ಚಿತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. "ಈಗ ತೆರೆಸ್ತೀನಿ. ಎತ್ತ ನೋಡಿಸ್ಲಿ?"

"ನೀಲವೇಣಿ ಕಡೆ. ಅವಳು ಕಳ್ಳನ ಜತೆ ಬಾಗಿಲು ದಾಟೋವರ್ಗೂ."

"ಆಮೇಲೆ?"

"ಆಮೇಲೆ ಹೊಳೆ ಕಡೆ."

ಅವಳು ಬಗ್ಗಿ ಮೊದಲ ಚುಕ್ಕಿ ಇಟ್ಟಳು.