ಹನ್ನೊಂದು ದಿನದ ‘ನೋಡೋಣ’

ನದಿಯ ಆಚೆ ದಡದ್ದೊಂದು ಭಾಷೆ, ಈಚೆ ದಡದ್ದೊಂದು ಭಾಷೆ ಎಂದು ಎರಡೂ ಸರ್ಕಾರಗಳು ಹಟ ಹಿಡಿದಿದ್ದವು. ನಿಜ ಹೇಳಬೇಕೆಂದರೆ ಇದ್ದದ್ದು ಒಂದೇ ಭಾಷೆ. ಆಚೆಯವರು ಮಾತಿನ ಕೊನೆಯನ್ನು ಒಂದಿಷ್ಟು ಎಳೆಯುತ್ತಿದ್ದರು, ಈಚೆಯವರು ನುಂಗುತ್ತಿದ್ದರು, ಅಷ್ಟೇ. ಆದರೆ ಮೂರು ವರ್ಷ ಗುಂಡು ಹಾರಿಸಿಕೊಂಡವರು ತಮ್ಮದು ಒಂದೇ ಮಾತು ಎಂದು ಒಪ್ಪಿಕೊಳ್ಳುವುದುಂಟೆ? ಹಾಗಾಗಿ ಸಂಧಾನ ಮಾಡಿಸಲು ಬಂದ ಅಂತರರಾಷ್ಟ್ರೀಯ ಸಂಸ್ಥೆ ಒಬ್ಬ ದುಭಾಷಿಯನ್ನು ನೇಮಿಸಲೇಬೇಕಾಯಿತು.

ದುಭಾಷಿಯಾಗಿ ಸಿಕ್ಕವಳು ಈಚೆ ದಡದ ಒಬ್ಬ ನಿವೃತ್ತ ಭಾಷಾ ಶಿಕ್ಷಕಿ. ಆಚೆಯ ಮುಖ್ಯಸ್ಥ “ಇವತ್ತು ಸೆಕೆ ಜಾಸ್ತಿ” ಎಂದರೆ ಆಕೆ ಈಚೆಯ ಮುಖ್ಯಸ್ಥನ ಕಡೆ ತಿರುಗಿ ಗಂಭೀರವಾಗಿ “ಇವತ್ತು ಸೆಕೆ ಜಾಸ್ತಿ” ಎನ್ನಬೇಕು. ಆತನೂ ಆಗ ತಾನೇ ಕೇಳಿದವನ ಹಾಗೆ ತಲೆದೂಗಬೇಕು. ಟೀ ತರುವವನಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರೂ ಆಕೆಗೆ ಗಿಳಿ ಮೇಡಂ ಎಂದು ಹೆಸರಿಟ್ಟಿದ್ದರು. ಮೇಡಂಗೆ ಅದರಿಂದ ಬೇಜಾರೇನೂ ಇರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದನ್ನೇ ಹೇಳಿದ ಬಾಯಿ ಅದು.

ಆಕೆ ಈ ಕೆಲಸ ಹಿಡಿದ ಕಾರಣವೇ ಬೇರೆ. ಒಬ್ಬಳೇ ಮಗಳನ್ನು ಆಚೆ ದಡಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಮದುವೆಯಾಗಿ ಆರು ತಿಂಗಳಿಗೆ ಯುದ್ಧ ಶುರುವಾಗಿ ಸೇತುವೆ ಮುಚ್ಚಿತು. ಈಗ ಮಗಳು ತುಂಬಿದ ಬಸುರಿ, ಚೊಚ್ಚಲ, ಹೆರಿಗೆಗೆ ವಾರವೋ ಹತ್ತು ದಿನವೋ ಇತ್ತು. ಸಭೆಯ ಕೋಣೆಯ ಕಿಟಕಿಯಲ್ಲಿ ನಿಂತರೆ ಆಚೆಯ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಕಾಣುವಷ್ಟು ಹತ್ತಿರ, ಹೋಗಲಾರದಷ್ಟು ದೂರ.

ಸಂಸ್ಥೆಯ ರಾಯಭಾರಿ ದೂರ ದೇಶದವನು, ಮೃದು ಸ್ವಭಾವದವನು, ನಿಯಮ ಎಂದರೆ ಮಾತ್ರ ಕಬ್ಬಿಣ. ಮೊದಲ ದಿನವೇ ತನ್ನ ಭಾಷೆಯಲ್ಲಿ ಹೇಳಿದ್ದ: “ಅವರು ಹೇಳಿದ್ದನ್ನಷ್ಟೇ ಹೇಳಿ. ನೀವಾಗಿ ಒಂದು ಪದ ಸೇರಿಸಿದರೂ ಅವತ್ತೇ ನಿಮ್ಮ ಕೆಲಸಕ್ಕೆ ಕೊನೆ.”

ಕದನವಿರಾಮಕ್ಕೆ ಇಬ್ಬರೂ ಹೂಂ ಅಂದಾಗಿತ್ತು. ಸಿಕ್ಕಿಹಾಕಿಕೊಂಡದ್ದು ಸೇತುವೆಯಲ್ಲಿ. ಈಚೆಯ ಮುಖ್ಯಸ್ಥ ದಿನವೂ ಕೇಳುತ್ತಿದ್ದ, “ಸೇತುವೆ ತೆರೀತೀರಾ?” ಆಚೆಯ ಮುಖ್ಯಸ್ಥ ಮೀಸೆ ತೀಡಿಕೊಂಡು “ನೋಡೋಣ” ಎನ್ನುತ್ತಿದ್ದ. ಮೇಡಂ “ನೋಡೋಣ” ಎನ್ನುತ್ತಿದ್ದಳು. ಈಚೆಯವನ ಮುಖ ಸೊಟ್ಟಗಾಗುತ್ತಿತ್ತು, ಫೈಲು ಮುಚ್ಚಿ ಎದ್ದು ನಡೆಯುತ್ತಿದ್ದ. ಹೀಗೆ ಹತ್ತು ದಿನ. ರಾಯಭಾರಿ ಸೂಟ್‌ಕೇಸು ತುಂಬಿಟ್ಟಿದ್ದ. ಹನ್ನೊಂದನೆಯ ದಿನವೂ ಇದೇ ಆದರೆ ಸಂಜೆ ವಿಮಾನ ಹತ್ತುವವನಿದ್ದ.

ಅವತ್ತು ಊಟದ ಬಿಡುವಿನಲ್ಲಿ ಮಗಳ ಫೋನು ಬಂತು.

“ಅಮ್ಮಾ, ನೀನು ಬಂದ್ರೆ ಹಿಂದಿನ ಕೋಣೆ ಬಿಟ್ಟುಕೊಡ್ತೀರಾ ಅಂತ ಅತ್ತೇನ ಕೇಳಿದೆ. ನೋಡೋಣ ಅಂದ್ರು.”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. “ನೋಡೋಣ ಅಂದ್ರಾ? ಬೀಗಿತ್ತಿಗೆ ಒಂದು ಕೋಣೆ ಕೊಡೋಕೆ ಅಷ್ಟು ಬಿಗುಮಾನನಾ? ನಾನೇನು ಬೀದಿಗೆ ಬಿದ್ದಿದೀನಾ?”

ಮಗಳು ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಮ್ಮಾ! ಇಲ್ಲಿ ನೋಡೋಣ ಅಂದ್ರೆ ಆಯ್ತು ಅಂತ ಅರ್ಥ. ಹಿರಿಯರು ಬಾಯಿಬಿಟ್ಟು ಹೂಂ ಅನ್ನಲ್ಲ. ಅತ್ತೆ ಆಗಲೇ ಕೋಣೆಗೆ ಸುಣ್ಣ ಹೊಡೆಸಿ ಮಂಚ ಹಾಕಿಸಿದಾರೆ. ನಾನೂ ಮೊದಮೊದಲು ಈ ನೋಡೋಣ ಕೇಳಿ ಮೂಲೆಲಿ ಕೂತು ಅತ್ತಿದ್ದೆ ಗೊತ್ತಾ?”

ಮೇಡಂ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನಿಘಂಟು ಅರೆದು ಕುಡಿದವಳಿಗೆ ಇಷ್ಟು ಗೊತ್ತಿರಲಿಲ್ಲವಲ್ಲ! ಹತ್ತು ದಿನ ಆಚೆಯವರ ಹೌದನ್ನು ತಾನೇ ಕೈಯಾರೆ ಇಲ್ಲ ಮಾಡಿ ಈಚೆಯವರಿಗೆ ಒಪ್ಪಿಸಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮಧ್ಯಾಹ್ನ ಎಲ್ಲರೂ ಕೂತರು. ಈಚೆಯವನು ಕೇಳಿದ. ಆಚೆಯವನು ಮೀಸೆ ತೀಡಿ “ನೋಡೋಣ” ಎಂದ. ಈಚೆಯವನ ಕೈ ಫೈಲಿನ ಮೇಲೆ ಹೋಯಿತು.

ಮೇಡಂ ಕಿಟಕಿಯಾಚೆಯ ಟ್ಯಾಂಕಿನ ಕಡೆ ನೋಡಿದಳು. ಅಡುಗೆಮನೆಯ ಮಾತು ನಂಬಿ ಎರಡು ದೇಶಗಳ ನಡುವೆ ಬಾಯಿ ಹಾಕುವುದೇ? ತಪ್ಪಾದರೆ ಮಾತುಕತೆಯೇ ಮುರಿದುಬೀಳುತ್ತದೆ, ಮಗಳ ಮುಖ ಇನ್ನೆಷ್ಟು ವರ್ಷಕ್ಕೋ. ಸುಮ್ಮನಿದ್ದರೆ? ಆಗಲೂ ಅಷ್ಟೇ. ಆಕೆ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟಳು: “ಆಗಲಿ, ತೆರೆಯೋಣ ಅಂತಿದಾರೆ.”

ಆಚೆಯವನು ಮೇಜು ಗುದ್ದಿ ಎದ್ದುನಿಂತ.

“ಮತ್ತೆ? ಹನ್ನೊಂದು ದಿನದಿಂದ ನಾನು ಬಡ್ಕೋತಿರೋದು ಇನ್ನೇನು?” ಎಂದು ಆತ ನೇರವಾಗಿ ಈಚೆಯವನ ಮೇಲೇ ಎಗರಿದ. “ಒಪ್ಪಿಗೆ ಅಂದ ತಕ್ಷಣ ಫೈಲು ಮುಚ್ಕೊಂಡು ಹೋಗ್ತೀರಲ್ಲ, ನಿಮಗೆ ಬೇಕಾಗಿರೋದಾದ್ರೂ ಏನು?”

“ಒಪ್ಪಿಗೆ ಅಂತ ಎಲ್ಲಿ ಅಂದ್ರಿ? ನೋಡೋಣ ಅಂದ್ರಿ!”

“ಅದೇ ಕಣ್ರೀ ಒಪ್ಪಿಗೆ!”

“ಅದು ಹೇಗ್ರೀ ಒಪ್ಪಿಗೆ ಆಗತ್ತೆ?”

ಇಬ್ಬರೂ ದುಭಾಷಿಯ ಹಂಗಿಲ್ಲದೆ ಗಂಟಲು ಹರಿಯುವಂತೆ ಕೂಗಾಡತೊಡಗಿದರು. ರಾಯಭಾರಿ ಬೆಚ್ಚಿಬಿದ್ದು ಮೇಡಂ ಕಡೆ ಬಾಗಿದ. “ಏನಾಯಿತು?”

“ಜಗಳ ಆಡ್ತಿದಾರೆ ಸರ್.”

“ಅಯ್ಯೋ! ಯಾಕೆ?”

“ಒಪ್ಪಿಗೆ ಆಗಿದೆ ಅಂತ.”

ಸಂಜೆಗೆ ಸಹಿ ಬಿತ್ತು. ನಡೆದದ್ದನ್ನೆಲ್ಲ ಮೇಡಂ ಬಾಯಿಂದಲೇ ಕೇಳಿ ತಿಳಿದ ರಾಯಭಾರಿ ಸೂಟ್‌ಕೇಸು ಬಿಚ್ಚಿ, ಅದರೊಳಗಿಂದ ಹಾಳೆ ತೆಗೆದು, ನಿಯಮ ಮುರಿದದ್ದಕ್ಕಾಗಿ ದುಭಾಷಿಯನ್ನು ಕೆಲಸದಿಂದ ತೆಗೆದಿದ್ದೇನೆ ಎಂದು ಬರೆದ. ಕೊಡುವಾಗ ಎರಡೂ ಕೈಯಿಂದ ಆಕೆಯ ಕೈ ಕುಲುಕಿ, ಎಷ್ಟು ಹೊತ್ತಾದರೂ ಬಿಡಲೇ ಇಲ್ಲ.

ಆದರೆ ಗಂಡಸರ ಒಣ ಜಂಬ ಎಲ್ಲಿಗೆ ಹೋಗುತ್ತದೆ? ಸೇತುವೆಯ ಮೇಲಿನ ಮೊದಲ ಮರಳುಚೀಲ ಯಾರು ಎತ್ತಬೇಕೆಂದು ಐದು ದಿನ ಚರ್ಚೆಯಾಯಿತು. ನಾಲ್ಕನೆಯ ದಿನ ಹೆರಿಗೆಯಾಯಿತು. ಫೋನಿನಲ್ಲಿ ಮಗುವಿನ ಅಳು ಕೇಳಿ ಮೇಡಂ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಆಮೇಲೆ ಎರಡೂ ಸರ್ಕಾರಗಳಿಗೆ ಬಾಯಿಗೆ ಬಂದಂತೆ ಬೈದಳು.

ಸೇತುವೆ ತೆರೆದ ಬೆಳಿಗ್ಗೆ ಎಲ್ಲರಿಗಿಂತ ಮುಂದೆ ನಡೆದವಳು ಆಕೆಯೇ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಗಳಿಗೆ ಏನೇನು ಹೇಳಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದಳು. ಮಗಳು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೆದರಿದ ಕೂದಲು, ಕೆಂಪಾದ ಕಣ್ಣು. ಅಮ್ಮನನ್ನು ಕಂಡದ್ದೇ ಮಗುವನ್ನು ಎತ್ತಿ ಮುಂದೆ ಹಿಡಿದಳು.

“ಬಂದ್ಯಾ? ತಗೋ, ಹಿಡ್ಕೋ. ಹುಟ್ಟಿದಾಗಿಂದ ಯಾರ ಕೈಗೂ ಕೊಟ್ಟಿಲ್ಲ. ನಾನು ಒಂಚೂರು ಮಲಗ್ತೀನಿ.”

ಅಷ್ಟು ಹೇಳಿ ಅಮ್ಮನ ಸೆರಗಿನ ತುದಿ ಹಿಡಿದುಕೊಂಡು ಹಾಗೇ ಒರಗಿದಳು, ಕಣ್ಣು ಮುಚ್ಚಿದ್ದೇ ನಿದ್ದೆ ಹೋದಳು. ಅಜ್ಜಿ ಮೊಮ್ಮಗಳನ್ನು ಎದೆಗವುಚಿಕೊಂಡು ಅಲ್ಲೇ ನಿಂತಳು. ಕುರ್ಚಿ ಎರಡು ಹೆಜ್ಜೆ ದೂರದಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ಸೆರಗು ಬಿಡಿಸಿಕೊಳ್ಳಬೇಕಿತ್ತು.