ಬೈರಿಗೆಯ ಅಚ್ಚು

"ಇಲ್ಲಿ ಇನ್ನೂ ಉಬ್ಬಿದೆ," ಎಂದು ಶೇಷಪ್ಪಾಚಾರಿ ಬೀಟೆಯ ತುಂಡಿನಲ್ಲಿ ಕೊರೆದ ಕಾಲುವೆಯೊಳಗೆ ಹೆಬ್ಬೆರಳು ಎಳೆದ. ಅವನ ಮುಖ ರಸ್ತೆಯ ಕಡೆಗಿತ್ತು. ಪೊರೆ ಬಂದ ಆ ಕಣ್ಣುಗಳಿಗೆ ಕೊಟ್ಟಿಗೆಹಾರದ ರಸ್ತೆಯೂ ಒಂದೇ, ಮಂಜೂ ಒಂದೇ. ರುಕ್ಮಿಣಮ್ಮ ಉಳಿಯನ್ನು ಗಂಡನ ಕೈಗಿಟ್ಟಳು.

ತೂತು ಕೊರೆಯುವ ಬೈರಿಗೆ ನೆಟ್ಟಗೆ ಇಳಿಯಲೆಂದು ಮಾಡುತ್ತಿದ್ದ ಈ ಅಚ್ಚಿನ ಯೋಚನೆ ಅವಳದೇ. ಎರಡು ತುಂಡಿನಲ್ಲಿ ಅರ್ಧರ್ಧ ಕಾಲುವೆ ಕೊರೆದು, ಮುಖಕ್ಕೆ ಮುಖ ಕೂಡಿಸಿ ಬಿಗಿದರೆ ನಡುವೆ ನೆಟ್ಟಗಿನ ತೂತು. ಕೆಳಗೊಂದು ಪಟ್ಟಿ ಹೊಡೆದರೆ ಅದು ಮರದ ಅಂಚಿಗೆ ಅಪ್ಪಿ ಕೂರುತ್ತದೆ. ಬೈರಿಗೆಯನ್ನು ಅದರೊಳಗೆ ಇಳಿಬಿಟ್ಟರೆ ಬೇಕೆಂದರೂ ವಾಲಲಾರದು. ಆಮೇಲೆ ಹಗ್ಗ ಎಳೆಯುವವಳು ಬಾಯಿ ತೆರೆಯಬೇಕಾಗಿಲ್ಲ.

ಇಷ್ಟು ದಿನ ಅವನು ಬೈರಿಗೆಯ ತಲೆ ಒತ್ತಿ ಹಿಡಿಯುವುದು, ಅವಳು ಎದುರು ಕೂತು ಹಗ್ಗ ಎಳೆಯುತ್ತ ಅದು ಯಾವ ಕಡೆ ವಾಲಿತೆಂದು ಹೇಳುವುದು. ಹೋದ ಸೋಮವಾರ ದೊರೆಯ ತೋಟದ ಎರಡು ಗಾಡಿಗಳಿಗೆ ಚಕ್ರಕ್ಕೆ ಒತ್ತುವ ಬ್ರೇಕಿನ ಮರ ಕೊರೆಯುವಾಗ ತೋಟದ ಲೆಕ್ಕ ಬರೆಯುವ ರೈಟರ್ ಸೋಮಶೇಖರಪ್ಪ ಪಕ್ಕದಲ್ಲೇ ನಿಂತಿದ್ದರು.

"ನನ್ನ ಕಡೆ ವಾಲ್ತಾ ಇದೆ," ಎಂದಿದ್ದಳು.

"ಏನು ಆಚಾರ್ರೇ, ಈಗ ಹೆಂಡ್ತಿ ಕಣ್ಣಲ್ಲಿ ಕೆಲ್ಸವಾ?" ರೈಟರ್ ನಕ್ಕರು. "ಮೂಡಿಗೆರೇಲಿ ಸ್ವಂತ ಕಣ್ಣಿರೋರು ಬೇಕಾದಷ್ಟು ಜನ ಇದಾರೆ."

ಗಂಡನ ಕತ್ತಿನ ನರ ಉಬ್ಬಿದ್ದು ಅವಳಿಗೆ ಕಂಡಿತು. ಆಮೇಲೆ ಅವನು ಕೇಳಿದಾಗಲೆಲ್ಲ ಅವಳು ಹೇಳಿದ್ದು ಒಂದೇ: "ಸರಿ ಇದೆ."

ಆ ಮರಗಳಲ್ಲಿ ಒಂದನ್ನು ತೋಟದ ಗಾಡಿ ಹೊಡೆಯುವ ತಿಮ್ಮಪ್ಪನ ಗಾಡಿಗೆ ಹಾಕಿಯಾಗಿತ್ತು. ಕಾಫಿ ಮೂಟೆ ಹೇರಿಕೊಂಡು ಘಾಟಿ ಇಳಿಯುವ ಮುಂಚೆ ಅವನು ಇವತ್ತು ಬೆಳಿಗ್ಗೆ ಗಾಡಿಯನ್ನು ಅಂಗಳದ ಮುಂದೆ ನಿಲ್ಲಿಸಿದ್ದ. ಅವನ ಜೋಡೆತ್ತಿನ ಗಂಟೆ ಊರಿಗೆಲ್ಲ ಗುರುತು. ಬಲದ್ದಕ್ಕೆ ತುಂಬು ದನಿ, ಎಡದ್ದಕ್ಕೆ ಒಡಕು.

"ಅಕ್ಕಾ, ಮಂಗಳೂರಿಂದ ಏನು ತರ್ಲಿ?"

"ನೀನು ಬಂದ್ರೆ ಸಾಕು."

"ನನ್ನ ಹೆಂಡ್ತಿ ಕೂಡ ಹಿಂಗೆ ಹೇಳಲ್ಲ, ಉಪ್ಪು ತಾ ಅಂತಾಳೆ. ಹೊಸ ಬ್ರೇಕು ಅಕ್ಕಾ, ಕಣ್ಣು ಮುಚ್ಕೊಂಡು ಇಳೀತೀನಿ."

ಗಂಡ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದ. ಹೇಳಲು ತೆರೆದ ತನ್ನ ಬಾಯನ್ನು ಅವಳು ಮುಚ್ಚಿದಳು. ತೂತು ವಾಲಿದ್ದರೆ ಅದರಲ್ಲಿ ಕೂರುವ ಬ್ರೇಕಿನ ಕಬ್ಬಿಣದ ಸಲಾಕೆ ಒಳಗೊಳಗೇ ತಿರುಚಿ, ಭಾರ ಬಿದ್ದ ತಿರುವಿನಲ್ಲಿ ಮರವನ್ನು ಸೀಳುತ್ತದೆ. ಅದನ್ನು ಅವಳಿಗೆ ಕಲಿಸಿದವನೂ ಅವನೇ.

ಮಧ್ಯಾಹ್ನದ ಹೊತ್ತಿಗೆ ಅಚ್ಚು ಕೂಡಿತು. ಶೇಷಪ್ಪಾಚಾರಿ ಬಹಳ ದಿನದ ಮೇಲೆ ಗೆಲುವಾಗಿದ್ದ. "ಇನ್ನೊಂದು ಗಾಡಿ ಮರ ತಾ. ಅವತ್ತು ಕೊರೆದ ತೂತಿನ ಮೇಲಿಟ್ಟು ನೋಡಾಣ."

"ಹೊಸ ಮರಕ್ಕೇ ಹಾಕಿ ನೋಡಿ."

"ತಾ ಅಂದ್ರೆ."

ತಂದಳು. ಅವನು ಅಚ್ಚನ್ನು ಅಂಚಿಗೆ ಕೂರಿಸಿ ಸಲಾಕೆ ಇಳಿಬಿಟ್ಟ. ಅರ್ಧ ಗೇಣು ಇಳಿದು ನಿಂತಿತು. ತಿರುಗಿಸಿ ಒತ್ತಿದ. ಅಲ್ಲಾಡಲಿಲ್ಲ.

"ಅಚ್ಚೇ ಕೆಟ್ಟಿದೆ," ಎಂದು ಅದನ್ನು ಬಿಚ್ಚಿ ಎರಡು ಕಾಲುವೆಗಳನ್ನೂ ತುದಿಯಿಂದ ತುದಿಗೆ ಸವರಿದ. ಮತ್ತೆ ಸವರಿದ. ಕೂದಲಿನಷ್ಟೂ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ ಮರದ ತೂತಿನೊಳಗೆ ಕಿರುಬೆರಳು ತೂರಿಸಿದ. ತೂತು ಒಂದು ಪಕ್ಕಕ್ಕೆ ವಾಲಿತ್ತು; ಬೆರಳು ಅಲ್ಲೇ ಉಳಿಯಿತು.

"ಅವತ್ತು ನೀನು ಎದ್ರಿಗೇ ಕೂತಿದ್ದೆ."

"ಕೂತಿದ್ದೆ."

ಅವನು ಬೆರಳು ಹೊರಗೆಳೆದ. "ತಿಮ್ಮಪ್ಪ ಎಷ್ಟೊತ್ತಿಗೆ ಹೋದ?" ಎಂದ.

ಅವಳು ಆಗಲೇ ಎದ್ದಿದ್ದಳು. ಅವನು ಬಿಚ್ಚಿ ಕೊಟ್ಟ ಅಚ್ಚಿನ ಒಂದು ತುಂಡು ಅವಳ ಕೈಯಲ್ಲೇ ಉಳಿದಿತ್ತು. ಘಾಟಿ ಇಳಿಯಲು ಶುರುವಾಗುವ ತಿರುವಿನವರೆಗೂ ಓಡಿದಳು. ಕೆಳಗೆ ಮಂಜು ಕಾಡನ್ನು ಮುಚ್ಚಿತ್ತು. ಕೋಲೂರಿಕೊಂಡು ಹಿಂದೆಯೇ ಬಂದ ಗಂಡ ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತ.

"ಏನು ಕಾಣ್ತಿದೆ? ಇದ್ದದ್ದು ಹೇಳು."

ಏನೂ ಕಾಣುತ್ತಿರಲಿಲ್ಲ. ಕೇಳುತ್ತಿತ್ತು. ದೂರದಲ್ಲಿ ಒಡಕು ಗಂಟೆ, ನಿಂತು ನಿಂತು ಮೇಲಕ್ಕೆ ಬರುತ್ತಿತ್ತು. ಅವಳು ಬಲದೆತ್ತಿನ ತುಂಬು ದನಿಯ ಗಂಟೆಗಾಗಿ ಕಿವಿಗೊಟ್ಟಳು. ಅವಳ ಹೆಬ್ಬೆರಳು ಅವಳಿಗೇ ತಿಳಿಯದಂತೆ ಬೀಟೆಯ ನುಣುಪು ಕಾಲುವೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿತ್ತು. ಒಡಕು ಗಂಟೆ ಹತ್ತಿರವಾಯಿತು. ಅದರ ಹಿಂದೆ ಚಕ್ರದ ಸದ್ದಿರಲಿಲ್ಲ.