ಮಂದಿ ಹೊಲದಾಗಿನ ದಾರಿ

ಕುರಿಗಳಿದ್ದವು, ಕುರಿ ಕಾಯುವವನು ಇರಲಿಲ್ಲ. ನನಗೆ ಸಂಶಯ ಶುರುವಾದದ್ದು ಅಲ್ಲಿಂದ.

ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ ಅದು. ಹೆಸರು ಕೊನೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ನಲವತ್ತು ಕಲ್ಲಿನ ಮನೆ, ಒಂದು ಚರ್ಚು, ದಿನಕ್ಕೆ ಎರಡು ಬಸ್ಸು. ಹಗಲು ಹತ್ತು ಗಂಟೆಗೆ ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಮ್ಮ ತಿಕೋಟಾದಲ್ಲಿ ಆ ಹೊತ್ತಿಗೆ ಓಣಿ ಹಾಗೆ ಖಾಲಿ ಇದ್ದರೆ ಯಾರೋ ಸತ್ತಿರಬೇಕು, ಇಲ್ಲ ಪೊಲೀಸರು ಬಂದಿರಬೇಕು. ಒಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೋಳಿಮೊಟ್ಟೆ ಇಟ್ಟಿದ್ದರು. ಪಕ್ಕದಲ್ಲಿ ದುಡ್ಡು ಹಾಕಲು ಒಂದು ಡಬ್ಬಿ. ಮಾರುವವರು ಯಾರೂ ಇಲ್ಲ. ಕ್ಯಾಮೆರಾ ಎಲ್ಲಿಟ್ಟಿದ್ದಾರೆಂದು ನಾನು ಮೇಲೆ ಕೆಳಗೆ ನೋಡಿದೆ. ಕಾಣಲಿಲ್ಲ. ಕಾಣದ ಹಾಗೆ ಇಟ್ಟಿರಬೇಕು.

ಹಳ್ಳಿ ತೋರಿಸಲು ನನ್ನ ಜೊತೆ ಇದ್ದವಳು ಕಾವ್ಯಾ, ನನ್ನ ಅಣ್ಣನ ಮಗಳು. ಅಲ್ಲಿಯ ವೃದ್ಧಾಶ್ರಮದಲ್ಲಿ ನರ್ಸ್. ದ್ರಾಕ್ಷಿ ಬೆಳೆಗಾರರ ಸಂಘದವರು ನಮ್ಮ ಕಡೆಯ ಹನ್ನೊಂದು ಮಂದಿಯನ್ನು ಲಂಡನ್ನಿನ ಹಣ್ಣಿನ ಪೇಟೆ ತೋರಿಸಲು ಕರೆದೊಯ್ದಿದ್ದರು. ಅದು ಮುಗಿದ ಮೇಲೆ ನಾನು ಎರಡು ದಿನದ ಮಟ್ಟಿಗೆ ಇವಳಲ್ಲಿಗೆ ಬಂದಿದ್ದೆ. ಅಣ್ಣನಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ. ಕಾವ್ಯಾಳ ತಾಯಿ ತೀರಿಕೊಂಡಾಗ ಹುಡುಗಿಗೆ ಮೂರು ವರ್ಷ. ಅವಳನ್ನು ಸಾಕಿದವಳು ತಿಕೋಟಾದಲ್ಲಿರುವ ತಾಯಿಯ ತಾಯಿ ಮುರಿಗೆವ್ವ, ಅವಳ ಬಾಯಲ್ಲಿ ಆಯಿ. ಓದಿಸಿದವನು ನಾನು. ನನಗೂ ನನ್ನ ಹೆಂಡತಿ ಸೌಭಾಗ್ಯಳಿಗೂ ಮಕ್ಕಳಿಲ್ಲ. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಸೌಭಾಗ್ಯ ಒಂದಿಷ್ಟೂ ಅಳುಕದೆ, “ಒಬ್ಬಾಕಿ. ನರ್ಸ್ ಅದಾಳ” ಅನ್ನುತ್ತಾಳೆ. ಅದು ಸುಳ್ಳೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಆ ಮುಂಜಾನೆ ಕಾವ್ಯಾ ನನ್ನ ಚೀಲದಲ್ಲಿ ಒಂದು ಪೊಟ್ಟಣ ಇಟ್ಟಿದ್ದಳು. ಸುತ್ತಲೂ ಟೇಪು ಬಿಗಿದಿತ್ತು.

“ಇದನ್ನ ಆಯಿ ಕೈಯಾಗ ಕೊಡ್ರಿ ಕಾಕಾ. ಮರೀಬ್ಯಾಡ್ರಿ.”

“ಏನೈತಿ ಇದರಾಗ?”

“ಆಕಿಗೆ ಬೇಕಾದದ್ದು,” ಎಂದು ನಕ್ಕಳು.

ಅವಳು ಚಹಾ ಮಾಡಲು ಹೋದಾಗ ಅದನ್ನು ಒತ್ತಿ ನೋಡಿದೆ. ಮೆತ್ತಗಿತ್ತು, ನಡುವೆ ಏನೋ ಗಟ್ಟಿ. ಕಾಗದ ಪತ್ರಗಳೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಕಾರಣವಿತ್ತು.

ಮುರಿಗೆವ್ವನ ಎರಡು ಎಕರೆ ಇರುವುದು ನನ್ನ ದ್ರಾಕ್ಷಿ ತೋಟದ ಹಿಂದೆ. ನಲವತ್ತು ವರ್ಷ ಅವಳು ನನ್ನ ಹೊಲದ ನಡುವಿನ ಕಾಲುದಾರಿಯಲ್ಲೇ ಓಡಾಡಿದವಳು. ನನಗೆ ಅತ್ತೆಯ ಸಮಾನ, ನಾನು ಅತ್ತಿ ಅಂತಲೇ ಕರೆಯುವುದು. ಆದರೆ ಬಬಲೇಶ್ವರದಲ್ಲಿ ನನ್ನ ಸಡ್ಡಕನ ಪಾಡು ನಾನು ಕಣ್ಣಾರೆ ಕಂಡಿದ್ದೆ. ಪಾಪ, ಬಾಜೂ ಹೊಲದವರು ನಡೆದು ಹೋಗಲಿ ಎಂದು ಬಿಟ್ಟ. ಮೊದಲು ಸೈಕಲ್ ಬಂತು, ಆಮೇಲೆ ಬಂಡಿ, ಈಗ ಅವನ ಕಬ್ಬಿನ ನಡುವೆ ಟ್ರ್ಯಾಕ್ಟರ್ ಹೋಗುತ್ತದೆ. ಕೇಳಿದರೆ ಇದು ಹಿಂದಿನಿಂದ ಬಂದ ದಾರಿ ಅನ್ನುತ್ತಾರೆ. ಬೆರಳು ತೋರಿಸಿದರೆ ಹಸ್ತ ನುಂಗುವ ಕಾಲ. ಹೊಲಗಳಿಗೆ ಕಾಲುವೆ ನೀರು ಬಂದ ಮೇಲಂತೂ ಒಂದು ಗೇಣು ನೆಲಕ್ಕೂ ತಲೆ ಒಡೆದುಕೊಳ್ಳುತ್ತಾರೆ. ಮುರಿಗೆವ್ವ ಮುದುಕಿ, ಇವತ್ತು ಸುಮ್ಮನೆ ನಡೆಯುತ್ತಾಳೆ. ನಾಳೆ ಅವಳ ಹೊಲ ಯಾರು ಕೊಳ್ಳುತ್ತಾರೋ!

ಹಾಗಾಗಿ ಎಪ್ರಿಲ್ಲಿನಲ್ಲಿ ಒಂದು ದಿನ, ಅವಳು ಮೇವಿನ ಹೊರೆ ಹೊತ್ತು ದಾರಿಯಲ್ಲಿ ಬರುವಾಗ, ಇದು ಬಂಡಿದಾರಿಯಲ್ಲ, ಬರೀ ಕಾಲುದಾರಿ ಎಂಬುದಕ್ಕೆ ಸಾಕ್ಷಿ ಇರಲಿ ಎಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಮರುದಿನ ದಾರಿಗೆ ಜಾಲಿ ಮುಳ್ಳು ಹಚ್ಚಿದೆ. ಅವಳು ಬಂದಳು, ಮುಳ್ಳಿನ ಮುಂದೆ ಸ್ವಲ್ಪ ಹೊತ್ತು ನಿಂತಳು, ತಿರುಗಿ ಹೋದಳು. ಬಯ್ಯಲಿಲ್ಲ. ಅಂದಿನಿಂದ ಕನಮಡಿ ರಸ್ತೆ ಹಿಡಿದು ಒಂದೂವರೆ ಮೈಲಿ ಸುತ್ತು ಹಾಕಿ ಹೊಲಕ್ಕೆ ಹೋಗತೊಡಗಿದಳು. ಸುಮ್ಮನೆ ಹೋದವಳು ಸುಮ್ಮನೆ ಇರುವುದಿಲ್ಲ, ಒಳಗೊಳಗೆ ಕೋರ್ಟು ಕಚೇರಿಯದೇನೋ ನಡೆಸಿದ್ದಾಳೆ ಎಂದು ಮೂರು ತಿಂಗಳು ನಾನು ಕಾದೆ.

ಈಗ ಮೊಮ್ಮಗಳು ನನ್ನನ್ನು ಹೊಲ ತೋರಿಸಲು ಕರೆದೊಯ್ಯುತ್ತಿದ್ದಳು.

ಊರ ಹೊರಗೆ ಒಂದು ಕಂಬ, ಅದಕ್ಕೆ ಬಾಣದ ಗುರುತಿನ ಹಲಗೆ. ಬಾಣ ನೇರ ಒಬ್ಬರ ಗೋದಿ ಹೊಲದೊಳಗೆ ತೋರಿಸುತ್ತಿತ್ತು. ಕಾವ್ಯಾ ಒಂದು ಸಣ್ಣ ಗೇಟು ತೆರೆದು ಒಳಗೆ ನಡೆದೇಬಿಟ್ಟಳು. ನಾನು ಹೊರಗೇ ನಿಂತೆ.

“ಯಾರ ಹೊಲ ಇದು?”

“ಯಾರದೋ ಏನೋ. ಬರ್ರಿ ಕಾಕಾ.”

“ಕೇಳೀ ಏನು ಅವರನ್ನ?”

“ಕೇಳೂದು ಬ್ಯಾಡ್ರಿ. ಇಲ್ಲಿ ದಾರಿ ಅಂದ್ರ ದಾರಿ. ಹೊಲ ಯಾರದರೇ ಇರಲಿ, ಯಾರು ಬೇಕಾದವರು ನಡದು ಹೋಗಬಹುದು.”

“ಎಲ್ಲಿಗಿ?”

“ಎಲ್ಲಿಗೂ ಇಲ್ಲ. ಸುಮ್ನ.”

ಸುಮ್ಮನೆ! ಹೊಲಕ್ಕೆ ಯಾರಾದರೂ ಸುಮ್ಮನೆ ಹೋಗುತ್ತಾರೆಯೇ? ಎಮ್ಮೆಯೂ ಸುಮ್ಮನೆ ಹೋಗುವುದಿಲ್ಲ, ಮೇಯಲು ಹೋಗುತ್ತದೆ. ಆದರೂ ಅವಳ ಹಿಂದೆ ನಡೆದೆ. ನೋಡಿದರೆ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ದಾರಿ ಬಿಟ್ಟು ಎರಡೂ ಕಡೆ ಗೋದಿ ಬೆಳೆದಿತ್ತು. ದಾರಿ ಜನ ತುಳಿದು ಆದದ್ದಲ್ಲ. ಹೊಲದವನೇ ಯಂತ್ರ ಹಿಡಿದು ಕೊಯ್ದು ಮಾಡಿಕೊಟ್ಟಂತೆ ನೆಟ್ಟಗಿತ್ತು. ಬೆಳೆಯನ್ನು ತಾನೇ ಕಳೆದುಕೊಂಡು ಮಂದಿಗೆ ದಾರಿ ಮಾಡುವವನು ಒಂದೋ ಹುಚ್ಚ, ಇಲ್ಲ ಬಲು ಕಿಲಾಡಿ. ಎದುರಿಗೆ ನಾಯಿ ಹಿಡಿದುಕೊಂಡ ಗಂಡ ಹೆಂಡತಿ ಬಂದರು, ನನ್ನ ಪರಿಚಯವೇ ಇಲ್ಲದೆ ನಕ್ಕು ನಮಸ್ಕಾರ ಹೇಳಿ ಹೋದರು. ಅವರ ಮೇಲೂ ನನಗೆ ನಂಬಿಕೆ ಬರಲಿಲ್ಲ.

ಗೋದಿ ಮಾತ್ರ ಚಲೋ ಬಂದಿತ್ತು. ಕೈ ತಡೆಯಲಿಲ್ಲ. ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ಬದುವಿನ ಆಚೆ ಟ್ರ್ಯಾಕ್ಟರ್ ನಿಂತಿತು.

ಕೆಂಪು ಮುಖದ ಎತ್ತರದ ಮನುಷ್ಯ ಇಳಿದು ನಮ್ಮ ಕಡೆಗೇ ಬಂದ. ಹೊಲದ ಮಾಲೀಕನೇ. ಬಾಯಲ್ಲಿ ಕಾಳು ಇತ್ತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ನಮ್ಮೂರಲ್ಲಾದರೆ ಈಗ ಮೊದಲು ತಾಯಿಯ ಹೆಸರು ಬರುತ್ತಿತ್ತು, ಆಮೇಲೆ ಬಡಿಗೆ. ಅವನು ನನ್ನ ಅಂಗೈ ನೋಡಿದ, ತಾನೂ ಒಂದು ತೆನೆ ಮುರಿದು ತಿಕ್ಕಿ ಬಾಯಿಗೆ ಹಾಕಿಕೊಂಡ, ಕಾವ್ಯಾಳ ಜೊತೆ ಮಾತಿಗೆ ನಿಂತ.

“ಇನ್ನ ಹತ್ತು ದಿನ ಬೇಕಂತರಿ ಕೊಯ್ಲಿಗೆ. ನೀವೇನಂತೀರಿ ಅಂತ ಕೇಳಾಕತ್ತಾನ,” ಎಂದಳು.

“ಹನ್ನೆರಡು ಅನ್ನು.”

ಅವನು ಇನ್ನೇನೋ ಹೇಳಿ ನಾವು ಬಂದ ಗೇಟಿನ ಕಡೆ ಕೈ ತೋರಿಸಿದ. ಕಾವ್ಯಾ ನನ್ನ ಕಡೆ ತಿರುಗಿದಳು.

“ಗೇಟು ಸಲೀಸು ಆತೇನು ಅಂತ ಕೇಳ್ತಾನ. ಮೊದಲ ಅಲ್ಲಿ ದಾಟಾಕ ಕಟ್ಟಿಗಿ ಮೆಟ್ಟಲಾ ಇದ್ದುವಂತ. ಊರಾಗ ಒಬ್ಬಾಕಿ ಮುದುಕಿಗೆ ಮೊಣಕಾಲ ಎತ್ತಾಕ ಆಗೂದಿಲ್ಲಂತ. ಆಕಿ ಸಲುವಾಗಿ ಮೆಟ್ಟಲಾ ತಗದು ಗೇಟು ಮಾಡಿಸ್ಯಾನಂತ.”

ನನ್ನ ತಲೆಗೆ ರಕ್ತ ಏರಿತು. ಅವನು ಹೇಳಿದ್ದು ಎರಡು ಮಾತು, ಇವಳು ಹೇಳುತ್ತಿರುವುದು ಇಷ್ಟುದ್ದ ಕಥೆ. ಮುದುಕಿಯಂತೆ, ಮೊಣಕಾಲಂತೆ! ಎಲ್ಲ ಕೂಡಿಸಿ ನೋಡಿದೆ: ಟೇಪು ಬಿಗಿದ ಪೊಟ್ಟಣ, ಮಂದಿ ಹೊಲದಾಗಿನ ದಾರಿ, ಈಗ ಈ ಮುದುಕಿ. ಊರಿಂದ ಫೋನಿನಲ್ಲಿ ಹೇಳಿಕೊಟ್ಟು ನನ್ನನ್ನು ಇಲ್ಲಿ ತಂದು ಪಾಠ ಮಾಡಿಸುತ್ತಿದ್ದಾರೆ.

“ಸಾಕು ಮಾಡವ್ವ ನಾಟಕ,” ಎಂದೆ. “ನಿಮ್ಮಾಯಿ ಕಲಿಸಿದ್ದೆಲ್ಲ ಹೇಳಿ ಮುಗೀತಿಲ್ಲೋ? ಮುಳ್ಳು ಹಚ್ಚಿದ್ದು ನಾನ. ನನ್ನ ಹೊಲ, ನನ್ನ ಮುಳ್ಳು. ಸುತ್ತು ಹಾಕಿ ಹೋದ್ರ ಯಾರೂ ಸಾಯೂದಿಲ್ಲ. ಹೋಗಿ ಹೇಳು ಆಕಿಗೆ.”

ಕಾವ್ಯಾ ನನ್ನನ್ನೇ ನೋಡಿದಳು. ಹೊಲದವನು ಅವಳನ್ನು ನೋಡಿದ.

“ಯಾವ ಮುಳ್ಳ, ಕಾಕಾ?” ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಾನೇ ಎಷ್ಟೋ ಸಲ ಪಂಚಾಯಿತಿ ಕಟ್ಟೆಯಲ್ಲಿ ಕೂತು ಬೇರೆಯವರಿಗೆ ಹೇಳಿ ನಕ್ಕಿದ್ದೇನೆ. ಇಲ್ಲಿ ಕಳ್ಳ ಅಂತಲೂ ಯಾರೂ ಅಂದಿರಲಿಲ್ಲ.

ಅವಳಿಗೆ ಏನೂ ಗೊತ್ತಿರಲಿಲ್ಲ. ಮುರಿಗೆವ್ವ ಪ್ರತಿ ರವಿವಾರ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಮಳೆ ಹೇಳುತ್ತಿದ್ದಳು, ಎಮ್ಮೆಯ ಸುದ್ದಿ ಹೇಳುತ್ತಿದ್ದಳು, ಕಾಕಾ ಆರಾಮ ಅದಾರ ಅನ್ನುತ್ತಿದ್ದಳು. ಮುಳ್ಳಿನ ಮಾತು ಒಂದು ಸಲವೂ ಎತ್ತಿರಲಿಲ್ಲ. ಈಗ ನಾನೇ ಎಲ್ಲ ಹೇಳಬೇಕಾಯಿತು, ಅದೂ ಪರರ ಹೊಲದಲ್ಲಿ ನಿಂತು. ಸಡ್ಡಕನ ಟ್ರ್ಯಾಕ್ಟರಿನ ಕಥೆಯನ್ನೂ ಹೇಳಿದೆ. ಅವಳು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

“ಮೂರು ತಿಂಗಳಾತು, ಆಯಿ ಮೊಣಕಾಲ ನೋವು ಅಂತಾಳ,” ಎಂದಳು ಕೊನೆಗೆ. “ವಯಸ್ಸಾತು, ಅದಕ್ಕ ಅಂತ ತಿಳದಿದ್ದೆ. ನಿಮ್ಮ ಚೀಲದಾಗ ಇಟ್ಟದ್ದು ಅದರೀ. ಮೊಣಕಾಲಿಗೆ ಹಾಕ್ಕೊಳ್ಳೂ ಪಟ್ಟಿ.”

ಅಲ್ಲಿಂದ ಮನೆಗೆ, ಮರುದಿನ ಬಸ್ಸಿನವರೆಗೆ, ಅವಳು ಊಟಕ್ಕೆ ಕರೆದದ್ದು ಬಿಟ್ಟು ಬೇರೆ ಮಾತಾಡಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನನ್ನನ್ನು ಒಮ್ಮೆಯೂ ಕಾಕಾ ಅನ್ನಲಿಲ್ಲ.

ಇಷ್ಟಾದರೂ ನನ್ನ ಹುಟ್ಟುಗುಣ ಹೋಗಲಿಲ್ಲ. ವಿಜಯಪುರಕ್ಕೆ ಬಂದು ಅಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ಎರಡು ಪಟ್ಟಿ, ಒಂದು ಮುಲಾಮಿನ ಟ್ಯೂಬು. ಕಾಗದ ಇರಲಿಲ್ಲ. ಪಟ್ಟಿಯ ಒಳಗೂ ಕೈ ಹಾಕಿ ನೋಡಿದೆ. ಆಮೇಲೆ ಬಹಳ ನಾಚಿಕೆಯಾಯಿತು.

ತಿಕೋಟಾಕ್ಕೆ ಬಂದು ಸೌಭಾಗ್ಯಳ ಕೈಲಿ ಪೊಟ್ಟಣ ಕಳಿಸಿದೆ. ನಾನೇ ಹೋಗಲು ಧೈರ್ಯವಾಗಲಿಲ್ಲ. ಮರುದಿನ ಮುಂಜಾನೆ ದಾರಿಯ ಜಾಲಿ ಎಳೆದು ತೆಗೆದೆ, ಕೈಯೆಲ್ಲ ಗೀರಿತು. ತೆಗೆದ ಮುಳ್ಳನ್ನು ಬದುವಿನ ಮೇಲೆ ಗುಂಪಿ ಹಾಕಿದೆ. ಸುಡಲಿಲ್ಲ. ಯಾವುದಕ್ಕೂ ಇರಲಿ ಅನ್ನಿಸಿತು.

ಮುರಿಗೆವ್ವ ಆ ದಾರಿಗೆ ಬರಲೇ ಇಲ್ಲ. ಎಂಟು ದಿನ ನೋಡಿದೆ. ಅವಳು ದಿನವೂ ಕುಂಟುತ್ತ ಕನಮಡಿ ರಸ್ತೆಯಿಂದಲೇ ಹೋಗುತ್ತಿದ್ದಳು. ಕಾವ್ಯಾಳ ಫೋನೂ ಬರಲಿಲ್ಲ. ಸೌಭಾಗ್ಯ ಎರಡು ಸಲ ಫೋನ್ ಹಚ್ಚಿದಳು. ಅವಳ ಜೊತೆ ಮಾತಾಡಿದ ಹುಡುಗಿ, ಕಾಕಾಗೆ ಕೊಡಲೇನು ಅಂದರೆ ಡ್ಯೂಟಿ ಐತಿ ಎಂದು ಇಟ್ಟುಬಿಟ್ಟಳು. “ಇದ್ದಾಕಿ ಒಬ್ಬಾಕಿ, ಆಕಿನ್ನೂ ಕಳಕೊಂಡ್ರಿ,” ಎಂದು ಸೌಭಾಗ್ಯ ಅತ್ತಳು.

ಒಂಬತ್ತನೆಯ ದಿನ ಮುರಿಗೆವ್ವನ ಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಕುಡುಗೋಲು ಹಿಡಿದು ಹೊರಟಿದ್ದಳು. ಮೊಣಕಾಲಿಗೆ ಪಟ್ಟಿ ಇದೆಯೋ ಇಲ್ಲವೋ ಸೀರೆಯಲ್ಲಿ ಕಾಣಲಿಲ್ಲ.

“ಅತ್ತಿ, ದಾರಿ ತಗದೀನಿ. ಹಂಗ ಬರ್ರಿ.”

“ಯಾಕ?” ಎಂದಳು. “ಇನ್ನೊಂದು ಫೋಟೋ ಬೇಕಾಗೈತೇನ್ರಿ?”

ಅವಳು ಅಂದು ನೋಡಿಯೇ ಇರಲಿಲ್ಲ ಅಂದುಕೊಂಡಿದ್ದೆ.

“ಇಲ್ಲರಿ ಅತ್ತಿ. ನನ್ನಿಂದ ತಪ್ಪಾಗೈತಿ.”

“ತಪ್ಪಾದವರು ಮುಳ್ಳು ಗುಂಪಿ ಹಾಕಿ ಇಟ್ಟುಕೊಳ್ಳೂದಿಲ್ಲ. ರಸ್ತಾದಿಂದನ ಕಾಣ್ತೈತಿ ನನಗ. ಅದು ಯಾತಕ್ಕ?”

ಅವಳು ಕೈ ಚಾಚಿದಳು. “ಮೊದಲ ಆ ಫೋನ್ ಇತ್ತ ಕೊಡ್ರಿ. ಆಮ್ಯಾಲ ನೀವ ಮುಂದ ನಡೀರಿ.”

ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ತಿರುಗಿ ನೋಡಿದರೆ, ನನ್ನ ಹೆಜ್ಜೆ ಬಿದ್ದಲ್ಲೇ ನೋಡಿ ನೋಡಿ ಕಾಲಿಡುತ್ತಿದ್ದಳು. ಮಣ್ಣಿನಲ್ಲಿ ಮುಳ್ಳು ಹೂತಿಟ್ಟಿದ್ದಾನೆ ಅಂದುಕೊಂಡಿರಬೇಕು. ನಾನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ನಡಿಗೆ ನಿಧಾನ ಮಾಡಿದೆ.

ದಾರಿಯ ನಡುವೆ ಬಂದಾಗ ಅವಳು ನಿಂತಳು. ಗಂಟು ಬಿಚ್ಚಿ ಫೋನು ನನ್ನ ಕಡೆ ಚಾಚಿದಳು.

“ಈಗ ತಗೀರಿ ಫೋಟೋ.”

“ಯಾಕ್ರಿ ಅತ್ತಿ?”

“ಕಾವ್ಯಾಗ ಕಳಸ್ರಿ. ನಾಳೆ ನೀವ ಮಾತು ತಿರುವಿದ್ರ, ಸಾಕ್ಷಿ ಆಕಿ ಹಂತೇಕ ಇರಲಿ.”

ಕುಡುಗೋಲು ಹಿಡಿದು ನೆಟ್ಟಗೆ ನಿಂತಳು. ನಾನು ಫೋಟೋ ತೆಗೆದು ಅಲ್ಲಿಯೇ ಕಳಿಸಿದೆ. ಅಲ್ಲಿ ಆಗಿನ್ನೂ ನಸುಕು ಹರಿಯುವ ಹೊತ್ತು, ಕೂಡಲೇ ಉತ್ತರ ಬರುವುದಿಲ್ಲ ಎಂದುಕೊಂಡೆ. ಬಂತು. ಹನ್ನೊಂದು ದಿನದ ಮೇಲೆ ಬಂದ ಮೊದಲ ಮಾತು.

“ಕಾಕಾ, ಆಯಿ ಬೆನ್ನ ಹಿಂದ ಬದುವಿನ ಮ್ಯಾಲ ಕಾಣ್ತದಲ್ಲ, ಅದೇನು?”

ಎರಡು ಸಲ ಓದಿದೆ. ಆಮೇಲೆ ಮುರಿಗೆವ್ವನ ಕಡೆ ನೋಡಿದೆ. ಅವಳು ಎಲೆ ಅಡಿಕೆ ಚಂಚಿಯಲ್ಲಿ ಏನೋ ಹುಡುಕುತ್ತಿದ್ದಳು.

“ಅತ್ತಿ,” ಎಂದೆ, “ಕಡ್ಡಿಪೆಟ್ಟಿಗಿ ಐತೇನ್ರಿ ನಿಮ್ಮ ಹಂತೇಕ?”